ಕಲ್ಲಿನ ಸಿಂಹ, ಬಯಲಿನ ತೋಳ: ದಾವಣಗೆರೆ–ಹರಿಹರ ಸೀಮೆಯಲ್ಲಿ ವನ್ಯಜೀವಿ ಛಾಯಾಗ್ರಹಣದ ಹಿನ್ನೆಲೆ

ಕಾಡುಪ್ರಾಣಿಗಳ ಎಳೆಯ ಮರಿಗಳನ್ನು ಅವು ಹುಟ್ಟಿ ಬೆಳೆಯುವ ನೆಲದಲ್ಲಿಯೇ, ಬೆಳಗಿನ ಮೊದಲ ಬೆಳಕಿನಲ್ಲಿ, ಛಾಯಾಚಿತ್ರವಾಗಿ ಸೆರೆಹಿಡಿಯುವ ಹವ್ಯಾಸಕ್ಕೆ ಒಂದು ಶತಮಾನಕ್ಕಿಂತ ಸ್ವಲ್ಪ ಹೆಚ್ಚಿನ ಇತಿಹಾಸವಷ್ಟೇ ಇದೆ. ಈ ಹವ್ಯಾಸದ ಪ್ರಸಿದ್ಧ ವಸ್ತು ಸಿಂಹದ ಮರಿ. ಅದಕ್ಕೆ ಪ್ರಸಿದ್ಧವಾದ ನೆಲ ಪೂರ್ವ ಆಫ್ರಿಕದ ಹುಲ್ಲುಗಾವಲು ಮತ್ತು ಗುಜರಾತಿನ ಗಿರ್ ಅರಣ್ಯ. ಮಧ್ಯ ಕರ್ನಾಟಕದ ದಾವಣಗೆರೆ ಮತ್ತು ಹರಿಹರದ ಸುತ್ತಲಿನ ಬಯಲು ಆ ಪಟ್ಟಿಯಲ್ಲಿ ಸೇರುವುದಿಲ್ಲವಾದರೂ, ಆಫ್ರಿಕದ ಬಯಲಿನಲ್ಲಿ ಸಿಂಹಕ್ಕಿರುವ ಸ್ಥಾನವನ್ನು ಇಲ್ಲಿ ತೋಳ ಬಹುಕಾಲ ವಹಿಸಿಕೊಂಡು ಬಂದಿದೆ. ಈ ಸೀಮೆಯಲ್ಲಿ ಮರಿಗಳ ಚಿತ್ರ ತೆಗೆಯುವುದು ಯಾವಾಗ ಸಾಧ್ಯವಾಯಿತು, ಯಾವಾಗ ಕಷ್ಟವಾಯಿತು ಎಂಬುದನ್ನು ವಿವರಿಸಲು ಕ್ಯಾಮೆರಾದ ಚರಿತ್ರೆಯೊಂದೇ ಸಾಲದು. ಕಂದಾಯ ದಾಖಲೆಗಳಲ್ಲಿ ಹುಲ್ಲುಗಾವಲಿಗೆ ದೊರೆತ ಸ್ಥಾನ, ನೀರಾವರಿ, ನೀಲಗಿರಿ ನೆಡುತೋಪು ಇವುಗಳ ಚರಿತ್ರೆಯನ್ನೂ ಅದರ ಜೊತೆಗಿಟ್ಟು ನೋಡಬೇಕಾಗುತ್ತದೆ.

ಈ ಸೀಮೆಯ ಜನರಿಗೆ ಸಿಂಹದ ಪರಿಚಯವಾದದ್ದು ಶಿಲ್ಪದ ಮೂಲಕ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು; ಮುಂದೆ 1268ರಲ್ಲಿ, ಸೋಮನಾಥಪುರದ ಪ್ರಸಿದ್ಧ ದೇವಾಲಯವನ್ನು ಕಟ್ಟಿಸಿದ ಸೋಮ ದಂಡನಾಯಕನು ಇಲ್ಲಿಯೂ ಗೋಪುರ ನಿರ್ಮಾಣದ ಸೇವೆ ಸಲ್ಲಿಸಿದನು. ಮೃಗದೊಡನೆ ಸೆಣಸುವ ಸಳನ ಲಾಂಛನವಾಗಲಿ, ದೇವಾಲಯಗಳ ಕೀರ್ತಿಮುಖವಾಗಲಿ, ಅಂದರೆ ತೋರಣದ ನೆತ್ತಿಯಲ್ಲಿ ಬಾಯ್ದೆರೆದಂತೆ ಕಡೆದ ಸಿಂಹದ ಮುಖವಾಗಲಿ, ಕಣ್ಣಾರೆ ಕಂಡ ಪ್ರಾಣಿಯ ಪ್ರತಿಕೃತಿಯಲ್ಲ, ಪರಂಪರೆಯಿಂದ ಕಲಿತ ರೂಪ. ನರ್ಮದಾ ನದಿಯಿಂದ ದಕ್ಷಿಣಕ್ಕೆ ಕಾಡುಸಿಂಹ ಬದುಕಿತ್ತೆನ್ನಲು ನಂಬಲರ್ಹ ದಾಖಲೆಯಿಲ್ಲ. ಆದುದರಿಂದ ಹರಿಹರದಲ್ಲಿ ಸಿಂಹವು ಏಳೆಂಟು ಶತಮಾನಗಳ ಕಾಲ ಕಲ್ಲಿನಲ್ಲಿಯೇ ಉಳಿಯಿತು, ಊರಾಚೆಯ ಕುರುಚಲಿನಲ್ಲಿ ತೋಳ, ಚಿರತೆ, ಕತ್ತೆಕಿರುಬಗಳು ಜೀವಂತವಾಗಿದ್ದವು.

ಕ್ಯಾಮೆರಾ ಈ ಸೀಮೆಗೆ ಬಂದಾಗ ಮೊದಲು ಚಿತ್ರಿಸಿದ್ದೂ ಕಲ್ಲನ್ನೇ. ಮುಂಬಯಿ ಸರ್ಕಾರವು 1855ರಲ್ಲಿ ಸೇನಾಧಿಕಾರಿ ಥಾಮಸ್ ಬಿಗ್ಸ್‌ನನ್ನು ಸರ್ಕಾರಿ ಛಾಯಾಗ್ರಾಹಕನನ್ನಾಗಿ ನೇಮಿಸಿತು. ಆತನೂ, ಆತನ ನಂತರ ಬಂದ ವೈದ್ಯ ಪಿಗೌ ಮತ್ತು ನೀಲ್ ಎಂಬವರೂ ತೆಗೆದ ಧಾರವಾಡ–ಮೈಸೂರು ಪ್ರಾಂತಗಳ ವಾಸ್ತುಶಿಲ್ಪದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ರಾಸಾಯನಿಕ ಲೇಪಿಸಿದ ಕಾಗದವನ್ನೇ ನೆಗೆಟಿವ್ ಆಗಿ ಬಳಸುತ್ತಿದ್ದ, ಮುಂದೆ ಒದ್ದೆ ಲೇಪದ ಗಾಜಿನ ಫಲಕಗಳನ್ನು ಬಳಸತೊಡಗಿದ ಆ ಕಾಲದ ವಿಧಾನಗಳಲ್ಲಿ ಮಸೂರವನ್ನು ಹಲವು ಸೆಕೆಂಡುಗಳಿಂದ ನಿಮಿಷಗಳವರೆಗೆ ತೆರೆದಿಡಬೇಕಿತ್ತು. ಒದ್ದೆ ಫಲಕವಾದರೆ ಅದನ್ನು ಸ್ಥಳದಲ್ಲಿಯೇ ಗುಡಾರದ ಕತ್ತಲೆಯಲ್ಲಿ ಸಿದ್ಧಪಡಿಸಿ, ಲೇಪ ಆರುವ ಮೊದಲೇ ಸಂಸ್ಕರಿಸಬೇಕಿತ್ತು. ಅಷ್ಟು ಹೊತ್ತು ಅಲುಗದೆ ನಿಲ್ಲಬಲ್ಲ ಸಿಂಹವೆಂದರೆ ದೇವಾಲಯದ ಗೋಡೆಯ ಸಿಂಹ ಮಾತ್ರ. ಮರಿಯೊಂದು ಬಿಲದಿಂದ ಹೊರಬಂದು ತಾಯಿಯ ಬಾಲ ಕಚ್ಚಿ ಎಳೆಯುವ ಕ್ಷಣವು ಆ ಯಂತ್ರದ ಅಳವಿಗೆ ಮೀರಿದ್ದಾಗಿತ್ತು.

1870ರ ದಶಕದಲ್ಲಿ ಜಿಲೆಟಿನ್ ಲೇಪದ ಒಣಫಲಕಗಳು ಬಳಕೆಗೆ ಬಂದ ಮೇಲೆ ಈ ಮಿತಿ ಸಡಿಲವಾಯಿತು. ಮೊದಲೇ ತಯಾರಿಸಿ ಪೆಟ್ಟಿಗೆಯಲ್ಲಿ ಒಯ್ಯಬಹುದಾದ, ಸೆಕೆಂಡಿನ ಸಣ್ಣ ಭಾಗದಲ್ಲಿ ಬಿಂಬವನ್ನು ಹಿಡಿಯಬಲ್ಲ ಈ ಫಲಕಗಳಿಂದಾಗಿಯೇ ಕಾಡುಪ್ರಾಣಿಯ ಚಿತ್ರಣವು ಸಾಧ್ಯವಾದ ಕೆಲಸವಾಯಿತು. ಆಗಿನ ಜರ್ಮನ್ ಪೂರ್ವ ಆಫ್ರಿಕದಲ್ಲಿ ಕಾರ್ಲ್ ಗೆಯೋರ್ಗ್ ಶಿಲಿಂಗ್ಸ್ ಎಂಬಾತನು ಕಟ್ಟಿಹಾಕಿದ ದನದ ಮೇಲೆ ಬೀಳುವ ಸಿಂಹಗಳನ್ನು ರಾತ್ರಿ ಮಿಂಚುಪುಡಿಯ ಬೆಳಕಿನಲ್ಲಿ ಚಿತ್ರಿಸಿ, 1905ರಲ್ಲಿ ಪ್ರಕಟಿಸಿದ ಪುಸ್ತಕ ಯುರೋಪಿನಲ್ಲಿ ಸಂಚಲನ ಉಂಟುಮಾಡಿತು. ಭಾರತದಲ್ಲಿ ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್, ಪ್ರಾಣಿ ನಡೆಯುವ ಜಾಡಿಗೆ ಅಡ್ಡಲಾಗಿ ಸಣ್ಣ ತಂತಿ ಎಳೆದು, ಪ್ರಾಣಿಯ ಕಾಲು ತಾಕಿದೊಡನೆ ಕ್ಯಾಮೆರಾದ ಕವಾಟವೂ ಮಿಂಚುಬೆಳಕೂ ಒಟ್ಟಿಗೆ ಕೆಲಸ ಮಾಡುವ ಏರ್ಪಾಡನ್ನು ರೂಪಿಸಿ ಹುಲಿಗಳನ್ನು ಚಿತ್ರಿಸಿದರು. 1927ರಲ್ಲಿ ಬಂದ ಅವರ ಪುಸ್ತಕವು ಬಂದೂಕಿನ ಬದಲು ಕ್ಯಾಮೆರಾ ಹಿಡಿಯಬೇಕೆಂಬ ವಾದಕ್ಕೆ ಭಾರತದಲ್ಲಿ ದೊರೆತ ಮೊದಲ ಗಟ್ಟಿ ಆಧಾರ. ಆದರೂ ಇವರಿಬ್ಬರ ಹೆಸರಾಂತ ಚಿತ್ರಗಳು ಕೃತಕ ಬೆಳಕಿನ, ರಾತ್ರಿಯ, ಬೆಳೆದ ಪ್ರಾಣಿಗಳ ಚಿತ್ರಗಳು. ನಸುಕಿನ ಸಹಜ ಬೆಳಕಿನಲ್ಲಿ ಮರಿಗಳನ್ನು ಕಾಣಬಲ್ಲ ಫಿಲ್ಮು ಮತ್ತು ಮಸೂರಗಳಿಗೆ ಇನ್ನೂ ಕೆಲವು ದಶಕಗಳು ಕಾಯಬೇಕಾಯಿತು.

ಅಷ್ಟರಲ್ಲಿ ತೋಳದ ಸಂತತಿಗೆ ದೊಡ್ಡ ಪೆಟ್ಟು ಬಿದ್ದಾಗಿತ್ತು. ಬ್ರಿಟಿಷ್ ಆಡಳಿತವು ತೋಳವನ್ನು ಉಪದ್ರವಕಾರಿ ಪ್ರಾಣಿಯೆಂದು ಎಣಿಸಿ ಕೊಂದು ತಂದವರಿಗೆ ಇನಾಮು ಕೊಡುತ್ತಿತ್ತು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಭಾರತದಲ್ಲಿ 80,000ಕ್ಕೂ ಹೆಚ್ಚು ಹುಲಿಗಳು, 1,50,000ಕ್ಕೂ ಹೆಚ್ಚು ಚಿರತೆಗಳು ಮತ್ತು ಸುಮಾರು 2,00,000 ತೋಳಗಳು ಸತ್ತವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ. ಇನಾಮಿನ ಆಸೆಗೆ ಬಿಲ ಅಗೆದು ಮರಿಗಳನ್ನು ಹೊರತೆಗೆಯುವುದು ಬೆಳೆದ ತೋಳವನ್ನು ಬೆನ್ನಟ್ಟುವುದಕ್ಕಿಂತ ಸುಲಭವಾದ ದಾರಿಯಾಗಿತ್ತು. ಬಯಲು ಸೀಮೆಯ ಕುರಿಗಾಹಿಗಳಿಗೂ ತೋಳಕ್ಕೂ ಇರುವ ಸಂಬಂಧ ಇದಕ್ಕಿಂತ ಹಳೆಯದು, ಇದಕ್ಕಿಂತ ಸಂಕೀರ್ಣವಾದುದು. ಹಟ್ಟಿಯ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿ, ನಾಯಿ ಕಟ್ಟಿಕೊಂಡು, ರಾತ್ರಿಯೆಲ್ಲ ಮಂದೆ ಕಾಯುವ ಕುರುಬರಿಗೆ ತೋಳವು ಕುರಿ ಕದಿಯುವ ಪ್ರಾಣಿಯೇ ಹೌದು. ಬಿಲದ ಬಾಯಿಗೆ ಹೊಗೆ ಹಾಕುವ, ಕಲ್ಲು ಮುಚ್ಚುವ ರೂಢಿಯೂ ದಖ್ಖನಿನ ಬಯಲಿನಲ್ಲಿ ಇದ್ದೇ ಇತ್ತು. ಹಾಗಿದ್ದೂ ಮಂದೆಯಿಂದ ತಪ್ಪಿದ ಕುರಿಯಲ್ಲಿ ತೋಳಕ್ಕೂ ಒಂದು ಪಾಲು ಸಲ್ಲುತ್ತದೆಂಬ ಸಹನೆಯ ಭಾವ ಕುರಿಗಾಹಿಗಳಲ್ಲಿ ಪೂರ್ತಿ ಅಳಿಯಲಿಲ್ಲ, ಮತ್ತು ರಕ್ಷಿತಾರಣ್ಯಗಳ ಹೊರಗೆ ತೋಳ ಉಳಿದಿರುವುದಕ್ಕೆ ಈ ಸಹನೆಯೂ ಒಂದು ಕಾರಣ.

ತೋಳಕ್ಕೆ ಬೇಕಾದದ್ದು ದಟ್ಟ ಕಾಡಲ್ಲ. ಹುಲ್ಲು, ತಂಗಡಿ, ಬಂದರಿಕೆ, ಅಲ್ಲೊಂದು ಇಲ್ಲೊಂದು ಜಾಲಿ ಬೆಳೆದ ಬಯಲು. ಬಿಲ ತೋಡಲು ಮೆದು ಮಣ್ಣಿನ ಹಳ್ಳದ ದಂಡೆ ಅಥವಾ ಬಂಡೆಗಳ ಸಂದು. ಬೇಟೆಗೆ ಕೃಷ್ಣಮೃಗ, ಮೊಲ, ಅವು ಸಿಗದಾಗ ಕುರಿಮರಿ. ಇಂಥ ನೆಲವನ್ನು ಹಳೆಯ ಮೈಸೂರು ಸಂಸ್ಥಾನವು ಕಾವಲುಗಳ ರೂಪದಲ್ಲಿ, ಅಂದರೆ ಸರ್ಕಾರಿ ದನಗಳ ಮೇವಿಗಾಗಿ ಕಾದಿಟ್ಟ ವಿಶಾಲ ಹುಲ್ಲುಗಾವಲುಗಳ ರೂಪದಲ್ಲಿ ಉಳಿಸಿಕೊಂಡಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯೆಂಬ ಇಲಾಖೆಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದು, ಸೈನ್ಯದ ಸಾಗಣೆಗೆ ಎತ್ತುಗಳನ್ನು ಸಾಕುತ್ತಿತ್ತು. ಅದರ ಕಾವಲುಗಳನ್ನು ಬೇಸಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆಬೇರೆಯಾಗಿ ವಿಂಗಡಿಸಿ, ಒಂದರಲ್ಲಿ ಮೇಯುವಾಗ ಉಳಿದವುಗಳಲ್ಲಿ ಹುಲ್ಲು ಚಿಗುರಲು ಬಿಡುತ್ತಿದ್ದರು. ಹಳ್ಳಿಗಳ ಮಟ್ಟದಲ್ಲಿ ಹುಲ್ಲುಬನ್ನಿ ಖರಾಬು ಎಂದು ದಾಖಲಾದ, ಕಂದಾಯ ವಿಧಿಸದೆ ಊರ ದನಕುರಿಗಳಿಗೆ ಬಿಟ್ಟ ಜಮೀನು ಅದೇ ಕೆಲಸ ಮಾಡುತ್ತಿತ್ತು. ದನಕ್ಕೆಂದು ಕಾಯ್ದ ಹುಲ್ಲಿನಲ್ಲಿ ಕೃಷ್ಣಮೃಗ ಮೇಯಿತು, ಕೃಷ್ಣಮೃಗದ ಹಿಂದೆ ತೋಳ ಬಂತು. ವನ್ಯಜೀವಿ ರಕ್ಷಣೆಯ ಉದ್ದೇಶವೇ ಇಲ್ಲದ ಒಂದು ಸೈನಿಕ ಏರ್ಪಾಡು ಬಯಲಿನ ಪ್ರಾಣಿಗಳಿಗೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಆಸರೆಯಾಯಿತು.

ಈ ನೆಲ ಕರಗಿದ್ದು ಹಂತಹಂತವಾಗಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರು–ಹರಿಹರ–ಹುಬ್ಬಳ್ಳಿ ರೈಲುಮಾರ್ಗ ಬಂದ ಮೇಲೆ ದಾವಣಗೆರೆಯು ಹತ್ತಿ ವ್ಯಾಪಾರದ ಊರಾಗಿ, ಮುಂದೆ ಬಟ್ಟೆಗಿರಣಿಗಳ ನಗರವಾಗಿ ಬೆಳೆಯಿತು. ಸುತ್ತಲಿನ ಎರೆಭೂಮಿ ಹತ್ತಿಗೆ ಒಳಪಟ್ಟಿತು. 1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯ ಪೂರ್ಣಗೊಂಡು ಅದರ ನಾಲೆಗಳು ದಾವಣಗೆರೆ, ಹರಿಹರ ತಾಲ್ಲೂಕುಗಳನ್ನು ತಲುಪಿದಾಗ ಬತ್ತ, ಕಬ್ಬು, ಅಡಿಕೆಯ ಹಸಿರು ಹರಡಿತು. ರೈತರ ಬದುಕಿಗೆ ಇದು ದೊಡ್ಡ ಬಲವಾದರೂ, ಬಯಲಿನ ಪ್ರಾಣಿಗಳ ನೆಲೆ ನಾಲೆಯ ನೀರು ಮುಟ್ಟದ ಜಗಳೂರಿನ ಕಡೆಗೂ, ತುಂಗಭದ್ರೆಯಾಚೆ ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ರಾಣೆಬೆನ್ನೂರಿನ ಗುಡ್ಡಗಳ ಕಡೆಗೂ ಸರಿಯಿತು.

ಆ ಗುಡ್ಡಗಳಲ್ಲಿ ನಡೆದದ್ದೇ ಈ ಚರಿತ್ರೆಯ ಮುಖ್ಯ ತಿರುವು. ರಾಣೆಬೆನ್ನೂರಿನ ಸುತ್ತಲಿನ ಹುಲ್ಲು–ಕುರುಚಲಿನ ನೆಲದಲ್ಲಿ 1950ರ ದಶಕದಿಂದಲೇ ಅರಣ್ಯ ಇಲಾಖೆ ನೀಲಗಿರಿ ನೆಡತೊಡಗಿತ್ತು. 1972ರಲ್ಲಿ ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ಗ್ವಾಲಿಯರ್ ರೇಯಾನ್ ಸಂಸ್ಥೆಯ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ಮರವನ್ನು ಪುಡಿಮಾಡಿ ಬೇಯಿಸಿ, ಕೃತಕ ರೇಷ್ಮೆಯ ದಾರಕ್ಕೆ ಮೂಲವಾದ ತಿರುಳನ್ನು ಅಲ್ಲಿ ತಯಾರಿಸಲಾಗುತ್ತಿದ್ದುದರಿಂದ ನೀಲಗಿರಿಗೆ ಕಾಯಂ ಬೇಡಿಕೆ ಹುಟ್ಟಿತು. ಅದೇ ದಶಕದಲ್ಲಿ, 1974ರಲ್ಲಿ, ರಾಣೆಬೆನ್ನೂರಿನ ಸುಮಾರು 119 ಚದರ ಕಿಲೋಮೀಟರ್ ಪ್ರದೇಶವು ಕೃಷ್ಣಮೃಗ ವನ್ಯಧಾಮವೆಂದು ಘೋಷಿತವಾಯಿತು. ಹೀಗೆ ಬಯಲನ್ನೇ ನೆಚ್ಚಿಕೊಂಡ ಪ್ರಾಣಿಗೆ ಮೀಸಲಾದ ಧಾಮದ ಬಹುಭಾಗದಲ್ಲಿ ಸಾಲುಸಾಲು ನೀಲಗಿರಿ ನಿಂತಿತು. ಎಳೆಯ ತೋಪುಗಳ ನಡುವೆ ಹುಲ್ಲು ಉಳಿದಿರುವವರೆಗೆ ಕೃಷ್ಣಮೃಗಗಳು ಹೊಂದಿಕೊಂಡವು, ತೋಳಗಳೂ ಉಳಿದವು. ಆದರೆ ದೂರದವರೆಗೆ ತೆರೆದ ನೆಲ ಬೇಕಾದ ಎರೆಭೂತ, ಅಂದರೆ ಹಿಂದೆ ಪಕ್ಷಿವೀಕ್ಷಕರನ್ನು ರಾಣೆಬೆನ್ನೂರಿಗೆ ಸೆಳೆಯುತ್ತಿದ್ದ ಭಾರಿ ಗಾತ್ರದ ನೆಲಹಕ್ಕಿ, ಕ್ರಮೇಣ ಅಲ್ಲಿಂದ ಕಾಣೆಯಾಯಿತು. ಅಲ್ಲಿನ ಹಕ್ಕಿಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಬರಹಗಳು ಕಳೆದುಹೋದ ಆ ಬಯಲಿನ ಮುಖ್ಯ ದಾಖಲೆಗಳಾಗಿವೆ.

ನೀಲಗಿರಿಯ ವಿಸ್ತರಣೆ ಧಾಮದ ಗಡಿಯಲ್ಲಿ ನಿಲ್ಲಲಿಲ್ಲ. 1984ರಲ್ಲಿ ಸರ್ಕಾರಿ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಕಾರ್ಖಾನೆಯ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಹುಟ್ಟಿ, ಹಳ್ಳಿಗರು ಗೋಮಾಳವಾಗಿ ಬಳಸುತ್ತಿದ್ದ ಸುಮಾರು 30,000 ಹೆಕ್ಟೇರ್ ಜಮೀನನ್ನು ತಿರುಳುಮರ ಬೆಳೆಯಲು ಕೊಡುವ ಯೋಜನೆ ರೂಪುಗೊಂಡಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದನ್ನು ವಿರೋಧಿಸಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನಲ್ಲಿ ಅರ್ಜಿದಾರರಾದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಸತ್ಯಾಗ್ರಹಿಗಳು ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. 1991ರಲ್ಲಿ ಆ ಕಂಪನಿ ಮುಚ್ಚಿತು. ಈ ಹೋರಾಟದ ಮಾತುಗಳು ಮೇವು, ಸೌದೆ, ನೀರು, ಗ್ರಾಮದ ಹಕ್ಕು ಇವುಗಳ ಬಗ್ಗೆ ಇದ್ದವೇ ಹೊರತು ತೋಳದ ಬಗ್ಗೆ ಇರಲಿಲ್ಲ. ಆದರೂ ಮೇಯುವ ನೆಲವನ್ನು ಉಳಿಸಿದ್ದರಿಂದ ಹಿಂದಿನ ಕಾವಲುಗಳಂತೆ ಇದೂ ಬಯಲಿನ ಪ್ರಾಣಿಗಳಿಗೆ ಅರಿವಿಲ್ಲದೆ ಮಾಡಿದ ಉಪಕಾರವಾಯಿತು.

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣ ಪಕ್ವವಾದದ್ದೂ ಇದೇ ದಶಕಗಳಲ್ಲಿ. ಬೆಂಗಳೂರಿನಲ್ಲಿ ಒ.ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರು ಬೆಳೆಯಿತು. ಸೊಂಡೂರಿನ ರಾಜಮನೆತನದವರೂ, 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಎಂ.ವೈ. ಘೋರ್ಪಡೆಯವರು ಕಪ್ಪು–ಬಿಳುಪಿನಲ್ಲಿ ತೆಗೆದ ಪ್ರಾಣಿಚಿತ್ರಗಳ ಪುಸ್ತಕ 1983ರಲ್ಲಿ ಪ್ರಕಟವಾಗಿ, ಬಿಸಿಲು–ನೆರಳನ್ನೇ ಚಿತ್ರದ ಜೀವಾಳವಾಗಿಸುವ ಶೈಲಿಗೆ ಮಾದರಿಯಾಯಿತು. ಬಂಡೀಪುರದ ಸೀಳುನಾಯಿಗಳ ಸಂಸಾರವನ್ನು ವರ್ಷಗಟ್ಟಲೆ ಹಿಂಬಾಲಿಸಿದ ಕೃಪಾಕರ–ಸೇನಾನಿ ಅವರ ಸಾಕ್ಷ್ಯಚಿತ್ರಗಳು, ಮಾಂಸಾಹಾರಿ ಪ್ರಾಣಿಯ ಮರಿಗಳನ್ನು ಅವುಗಳ ಬದುಕಿಗೆ ತೊಂದರೆಯಾಗದಂತೆ ದಾಖಲಿಸಲು ತಾಳ್ಮೆಯೇ ಮುಖ್ಯ ಸಾಧನವೆಂಬುದನ್ನು ತೋರಿಸಿಕೊಟ್ಟವು.

ಬಯಲಿನಲ್ಲಿ ಈ ಕೆಲಸದ ಕಷ್ಟ ಬೇರೆಯೇ ತೆರನಾದುದು. ಭಾರತದ ತೋಳವು ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಜೊತೆಗೂಡಿ, ಸುಮಾರು ಎರಡು ತಿಂಗಳ ಗರ್ಭದ ನಂತರ ಡಿಸೆಂಬರ್ ಆಸುಪಾಸಿನಲ್ಲಿ ಬಿಲದೊಳಗೆ ಮರಿ ಹಾಕುತ್ತದೆ. ಕಣ್ಣು ಮುಚ್ಚಿಕೊಂಡೇ ಹುಟ್ಟುವ ಮರಿಗಳು ಎರಡು ವಾರಗಳೊಳಗೆ ಕಣ್ಣು ಬಿಟ್ಟು, ಮೂರು ವಾರಗಳಾದ ಮೇಲೆ ಬಿಲದ ಬಾಯಿಗೆ ಬರುತ್ತವೆ. ಹೀಗಾಗಿ ಮರಿಗಳು ಹೊರಗೆ ಕಾಣುವ ಕಾಲವು ಚಳಿಗಾಲದ ಕೊನೆಯೊಂದಿಗೆ ಕೂಡುತ್ತದೆ. ಜನವರಿಯಲ್ಲಿ ದಾವಣಗೆರೆಯಲ್ಲಿ ಸೂರ್ಯೋದಯವಾಗುವುದು ಬೆಳಿಗ್ಗೆ ಆರು ಮುಕ್ಕಾಲು ಕಳೆದ ಮೇಲೆ. ಒಂಬತ್ತರ ಹೊತ್ತಿಗೆ ನೆಲ ಕಾಯ್ದು, ಗಾಳಿಯ ಪದರಗಳು ನಡುಗತೊಡಗಿ, ದೂರದ ವಸ್ತುವನ್ನು ಹತ್ತಿರಕ್ಕೆ ತರುವ ಉದ್ದ ಮಸೂರದಲ್ಲಿ ಬಿಂಬದ ಅಂಚುಗಳು ಕಲಸಿಹೋಗುತ್ತವೆ. ಮರದ ನೆರಳಿಲ್ಲದ ಬಯಲಿನಲ್ಲಿ ಮುಂಜಾನೆಯ ಬೆಳಕನ್ನು ಆರಿಸಿಕೊಳ್ಳುವುದು ಅದರ ಹೊಂಬಣ್ಣದ ಚೆಲುವಿಗೆ ಮಾತ್ರವಲ್ಲ, ಚಿತ್ರ ಸ್ಪಷ್ಟವಾಗಿ ಮೂಡುವುದು ಆ ಎರಡು ತಾಸುಗಳಲ್ಲಿ ಮಾತ್ರ ಎಂಬ ಕಾರಣಕ್ಕೂ ಹೌದು.

ಆದರೆ ಆ ಹೊತ್ತಿನ ಬೆಳಕು ಫಿಲ್ಮಿಗೆ ಸಾಲುತ್ತಿರಲಿಲ್ಲ. 1974ರಲ್ಲಿ ಬಂದು ಪತ್ರಿಕೆಗಳ ಮೆಚ್ಚುಗೆ ಗಳಿಸಿದ ಕೊಡಾಕ್ರೋಮ್ ವರ್ಣಪಾರದರ್ಶಿಕೆಯ ವೇಗ, ಅಂದರೆ ಬೆಳಕಿಗೆ ಅದು ಸ್ಪಂದಿಸುವ ಶಕ್ತಿಯ ಅಳತೆ, 64 ಮಾತ್ರ. ನಡುಹಗಲಿನ ಬಿಸಿಲಿನಲ್ಲಿ 400 ಮಿಲಿಮೀಟರ್ ಮಸೂರವನ್ನು 5.6ರ ದ್ವಾರಕ್ಕೆ ತೆರೆದರೆ ಸೆಕೆಂಡಿನ ಐನೂರನೆಯ ಒಂದು ಭಾಗದಲ್ಲಿ ಚಿತ್ರ ಮೂಡುತ್ತಿತ್ತು. ಸೂರ್ಯ ಆಗಷ್ಟೇ ಮೇಲೆದ್ದಾಗ ಬೆಳಕು ಎಂಟನೆಯ ಒಂದು ಭಾಗಕ್ಕೆ ಇಳಿದರೆ ಸುಮಾರು ಅರವತ್ತನೆಯ ಒಂದು ಭಾಗ ಬೇಕಾಗುತ್ತಿತ್ತು. ಅಷ್ಟು ಸಮಯದಲ್ಲಿ ಮರಿಯ ಕಿವಿ ಅಲುಗಿದರೂ ಚಿತ್ರ ಮಸುಕಾಗುತ್ತದೆ, ಕೈಯಲ್ಲಿ ಹಿಡಿದ ಮಸೂರ ಅಲುಗಿದರಂತೂ ಎಲ್ಲವೂ ಮಸುಕೇ. ಆದುದರಿಂದ ಆ ಕಾಲದ ಛಾಯಾಗ್ರಾಹಕನು ಮುಕ್ಕಾಲಿಯ ಮೇಲೆ ಮಸೂರವನ್ನು ಬಿಗಿದು, ಮರೆಗುಡಾರದಲ್ಲಿ ಕತ್ತಲಿರುವಾಗಲೇ ಕುಳಿತು, ಮರಿಗಳು ಆಟದ ನಡುವೆ ಒಮ್ಮೆ ನಿಂತು ನೋಡುವ ಗಳಿಗೆಗೆ ಕಾಯಬೇಕಿತ್ತು. ಸುರುಳಿಯಲ್ಲಿ ಮೂವತ್ತಾರು ಚಿತ್ರಗಳಷ್ಟೇ ಇದ್ದುದರಿಂದ ಗುಂಡಿ ಒತ್ತುವ ಮೊದಲು ಲೆಕ್ಕ ಹಾಕಬೇಕಿತ್ತು. ಇಂದಿನ ಡಿಜಿಟಲ್ ಕ್ಯಾಮೆರಾ 3200ರ ವೇಗದಲ್ಲಿ, ಅಂದರೆ ಐವತ್ತು ಪಟ್ಟು ಹೆಚ್ಚಿನ ಸೂಕ್ಷ್ಮತೆಯಲ್ಲಿ, ಅದೇ ಬೆಳಕನ್ನು ಲೀಲಾಜಾಲವಾಗಿ ಹಿಡಿಯುತ್ತದೆ.

ಇದೇ ಅವಧಿಯಲ್ಲಿ ಸಿಂಹವೂ ಕಲ್ಲಿನಿಂದ ಹೊರಬಂದು ಈ ಸೀಮೆಯ ಜನರಿಗೆ ಜೀವಂತವಾಗಿ ಕಾಣಿಸಿಕೊಂಡಿತು. ಶಿವಮೊಗ್ಗದ ಹತ್ತಿರ ಸಾಗರದ ರಸ್ತೆಯಲ್ಲಿರುವ ತ್ಯಾವರೆಕೊಪ್ಪದ ಹುಲಿ–ಸಿಂಹಧಾಮ 1988ರಲ್ಲಿ ಆರಂಭವಾದಂದಿನಿಂದ ದಾವಣಗೆರೆ, ಹರಿಹರಗಳ ಶಾಲಾಮಕ್ಕಳ ಪ್ರವಾಸದ ತಾಣಗಳಲ್ಲಿ ಒಂದಾಗಿದೆ. ಬೇಲಿಯೊಳಗಿನ ರಸ್ತೆಯಲ್ಲಿ ವಾಹನ ಸಾಗಿ, ಆಹಾರ ಪಡೆದ ಸಿಂಹವನ್ನು ಹತ್ತಿರದಿಂದ ತೋರಿಸುವ ಈ ಬಗೆಯ ಸಫಾರಿಯಲ್ಲಿ ಚಿತ್ರ ಸುಲಭವಾಗಿ ಸಿಗುತ್ತದೆ. ಆದರೆ ತಾಯಿ ಸಿಂಹಿಣಿ ಗುಂಪಿನಿಂದ ದೂರ ಸರಿದು ಮರಿ ಹಾಕಿ, ಆರೆಂಟು ವಾರ ಅವುಗಳನ್ನು ಪೊದೆಯಲ್ಲಿ ಬಚ್ಚಿಟ್ಟು, ಆ ನಂತರ ಗುಂಪಿಗೆ ಕರೆತರುವ ಸಹಜ ನಡವಳಿಕೆಯನ್ನು ನೋಡಲು ಇಂದಿಗೂ ಗಿರ್ ಅಥವಾ ಆಫ್ರಿಕಕ್ಕೇ ಹೋಗಬೇಕು. ಸಿಂಹದ ಚಿತ್ರಗಳನ್ನು ನೋಡಿ ಬೆಳೆದ ಕಣ್ಣಿಗೆ ತನ್ನ ಊರ ಹೊರಗಿನ ತೋಳದ ಸಂಸಾರ ಚಿತ್ರಯೋಗ್ಯವೆನಿಸುವುದು ತಡವಾದದ್ದರಲ್ಲಿ ಆಶ್ಚರ್ಯವಿಲ್ಲ.

ಕಾನೂನು ಈ ವಿಷಯದಲ್ಲಿ ಅಭಿರುಚಿಗಿಂತ ಮುಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತೋಳವನ್ನೂ ಕೃಷ್ಣಮೃಗವನ್ನೂ ಅತಿ ಹೆಚ್ಚಿನ ರಕ್ಷಣೆಯ ಮೊದಲ ಅನುಸೂಚಿಯಲ್ಲಿ ಸೇರಿಸಿದೆ. ಅದರ 28ನೆಯ ಕಲಮಿನಂತೆ ವನ್ಯಧಾಮದೊಳಗೆ ಛಾಯಾಗ್ರಹಣಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಆದರೆ ತೋಳಗಳಲ್ಲಿ ಹೆಚ್ಚಿನವು ಧಾಮಗಳ ಹೊರಗೆ, ಕಂದಾಯ ಜಮೀನಿನಲ್ಲಿ ಬಿಲ ತೋಡುವುದರಿಂದ ಅನುಮತಿಯ ಈ ಕಟ್ಟಳೆ ಬಿಲದ ಬಾಯಿಯವರೆಗೆ ತಲುಪುವುದಿಲ್ಲ. ಮನುಷ್ಯರ ಸುಳಿವು ಹೆಚ್ಚಿದರೆ ತಾಯಿತೋಳ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ಆ ಸ್ಥಳಾಂತರದ ನಡುವೆ ಮರಿಗಳು ಬೀದಿನಾಯಿಗಳ ಬಾಯಿಗೆ ಬೀಳುವ ಅಪಾಯವಿದೆ. ಅನುಭವಿ ಛಾಯಾಗ್ರಾಹಕರು ಬಿಲದ ಜಾಗವನ್ನು ಹೇಳದಿರುವುದನ್ನೂ, ಬಿಲದ ಚಿತ್ರವನ್ನೇ ಪ್ರಕಟಿಸದಿರುವುದನ್ನೂ ನಿಯಮವಾಗಿ ಪಾಲಿಸುವುದು ಇದಕ್ಕಾಗಿಯೇ.

ಬಯಲನ್ನು ನೋಡುವ ಸರ್ಕಾರದ ದೃಷ್ಟಿಯೂ ನಿಧಾನವಾಗಿ ಬದಲಾಗುತ್ತಿದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಸುಮಾರು 77 ಚದರ ಕಿಲೋಮೀಟರ್ ಕುರುಚಲು ಕಾಡು 2011ರಲ್ಲಿ ಕೊಂಡುಕುರಿ ವನ್ಯಧಾಮವಾಯಿತು; ಕೊಪ್ಪಳ ಜಿಲ್ಲೆಯ ಗಂಗಾವತಿ ಬಳಿಯ ಬಂಕಾಪುರದಲ್ಲಿ ಕೆಲವು ವರ್ಷಗಳಿಂದೀಚೆಗೆ ತೋಳಕ್ಕೆಂದೇ ಧಾಮವೊಂದು ರೂಪುಗೊಂಡಿದೆ. ಇವು ಸ್ವಾಗತಾರ್ಹವಾದರೂ, ಒಂದು ತೋಳದ ಗುಂಪು ಬೇಟೆಗಾಗಿ ಸುತ್ತುವ ವಿಸ್ತಾರಕ್ಕೆ ಹೋಲಿಸಿದರೆ ಚಿಕ್ಕ ತುಣುಕುಗಳು. ದಾವಣಗೆರೆಯ ಸುತ್ತ ಮೆಕ್ಕೆಜೋಳದ ಹೊಲಗಳು, ಬಡಾವಣೆಗಳು, ಕಲ್ಲುಗಣಿಗಳು ಹಬ್ಬುತ್ತಿರುವ ಹೊತ್ತಿನಲ್ಲಿ ಉಳಿದಿರುವ ಗೋಮಾಳ ಮತ್ತು ಕಾವಲುಗಳನ್ನು ಈಗಲೂ ಬಳಕೆಗೆ ಬಾರದ ನೆಲವೆಂದು ಎಣಿಸುವ ರೂಢಿ ಮುಂದುವರಿದಿದೆ, ಯಾವ ಹೊಸ ಯೋಜನೆಗೂ ಮೊದಲು ಕೈಹಾಕುವುದು ಅಲ್ಲಿಗೇ.

ಈ ಸೀಮೆಯ ಕಳೆದ ಒಂದೂಮುಕ್ಕಾಲು ಶತಮಾನವನ್ನು ಒಟ್ಟಾಗಿ ನೋಡಿದಾಗ ಎರಡು ರೇಖೆಗಳು ಎದುರುಬದುರಾಗಿ ಸಾಗಿರುವುದು ಕಾಣುತ್ತದೆ. ಬಯಲಿನಲ್ಲಿ ಪ್ರಾಣಿಗಳು ತುಂಬಿದ್ದಾಗ ಕ್ಯಾಮೆರಾಕ್ಕೆ ಅವುಗಳನ್ನು ಹಿಡಿಯುವ ಶಕ್ತಿಯಿರಲಿಲ್ಲ; ಕ್ಯಾಮೆರಾಕ್ಕೆ ಆ ಶಕ್ತಿ ಬಂದಾಗ ಬಯಲು ಹತ್ತಿಗೆ, ನಾಲೆಗೆ, ನೀಲಗಿರಿಗೆ ಹಂಚಿಹೋಗಿತ್ತು. ಬೆಳಕಿನ ಕೊರತೆಯನ್ನು ಯಂತ್ರಗಳು ನೀಗಿಸಿವೆ, ನೆಲದ ಕೊರತೆಯನ್ನು ಯಾವ ಮಸೂರವೂ ನೀಗಿಸಲಾರದು. ಕುರಿಗಾಹಿಗೆ ಮೇವಿನ ಹಕ್ಕೂ, ತೋಳ ತಿಂದ ಕುರಿಗೆ ಸಕಾಲದಲ್ಲಿ ಪರಿಹಾರವೂ ಸಿಕ್ಕು, ಹುಲ್ಲಿನ ನೆಲ ಹುಲ್ಲಿನದಾಗಿಯೇ ಪಹಣಿಯಲ್ಲಿ ಉಳಿದರೆ ಮಾತ್ರ ಈ ಸೀಮೆಯಲ್ಲಿ ಮರಿಗಳ ಚಿತ್ರಣಕ್ಕೆ ಮುಂದಿನ ಅಧ್ಯಾಯವಿರುತ್ತದೆ. ಅದನ್ನು ಬರೆಯುವ ಕೆಲಸ ಛಾಯಾಗ್ರಾಹಕರಿಗಿಂತ ಹೆಚ್ಚಾಗಿ ತಾಲ್ಲೂಕು ಕಚೇರಿಗೂ ಗ್ರಾಮಸಭೆಗೂ ಸೇರಿದ್ದು.